ಎಣ್ಣೆ ತಿಕ್ಕಿಸಿಕೊಂಡರೆ ವಿಮೆ ಹಣ ಕೊಡುತ್ತದೆಯೇ? ಅಭ್ಯಂಗ, ಪಂಚಕರ್ಮ, ಫಿಸಿಯೋಥೆರಪಿಗೆ ಇರುವ ದಾರಿಗಳು

ಡಿಸ್ಚಾರ್ಜ್ ಪತ್ರದ ಮೂರನೆಯ ಸಾಲಿನಲ್ಲಿ 'ಪುನಶ್ಚೇತನ ಚಿಕಿತ್ಸೆ' ಎಂಬ ಎರಡು ಪದಗಳಿದ್ದವು. ಅಮ್ಮನ ಸೊಂಟನೋವಿಗೆಂದು ಆಯುರ್ವೇದ ಕೇಂದ್ರವೊಂದರಲ್ಲಿ ಏಳು ದಿನ ಉಳಿದು ಅಭ್ಯಂಗ, ಸೊಂಟದ ಮೇಲೆ ಬಿಸಿ ಎಣ್ಣೆ ನಿಲ್ಲಿಸುವ ಕಟಿಬಸ್ತಿ ಮಾಡಿಸಿದ್ದೆವು. ನೋವು ಇಳಿದಿತ್ತು. ಬಿಲ್ಲು, ರಸೀದಿಗಳನ್ನೆಲ್ಲ ಜೋಡಿಸಿ ವಿಮಾ ಕಂಪನಿಗೆ ಕಳುಹಿಸಿದೆ. ಮೂರು ವಾರದ ಮೇಲೆ ಬಂದ ಉತ್ತರ ಆ ಎರಡು ಪದಗಳನ್ನೇ ಎತ್ತಿ ತೋರಿಸಿ, ಹಣ ಕೊಡಲಾಗದು ಎಂದಿತ್ತು. ಆಗ ಬಂದ ಸಿಟ್ಟಿನಲ್ಲಿ ಪಾಲಿಸಿಯ ಸಣ್ಣಕ್ಷರಗಳನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಸಿಟ್ಟು ಇಳಿಯುತ್ತ ಹೋಯಿತು, ಬುದ್ಧಿ ಸ್ವಲ್ಪ ಬಂತು.

ವಿಮಾ ಕಂಪನಿಯ ಕಣ್ಣಿಗೆ ಎಣ್ಣೆ ಬೀಳುವುದೇ ಇಲ್ಲ. ಅದು ಹುಡುಕುವುದು ಕಾಯಿಲೆಯ ಹೆಸರು, ಹಾಸಿಗೆಯ ಸಂಖ್ಯೆ, ನೋಂದಾಯಿತ ವೈದ್ಯರ ಸಹಿ. ಈ ಮೂರೂ ಇದ್ದರೆ ಬಿಸಿ ಗಂಟಿನಿಂದ ಶಾಖ ಕೊಡುವ ಪಿಂಡಸ್ವೇದಕ್ಕೂ ಹಣ ಬರಬಹುದು, ಹಣೆಗೆ ಎಣ್ಣೆ ಸುರಿಸುವ ಶಿರೋಧಾರೆಗೂ ಬರಬಹುದು. ಒಂದು ತಪ್ಪಿದರೂ, ಎಷ್ಟೇ ಒಳ್ಳೆಯ ಕೈ ನಿಮ್ಮ ಬೆನ್ನನ್ನು ನೀವಿದ್ದರೂ, ಅದು ನಿಮ್ಮ ಸ್ವಂತ ಖರ್ಚು. ದೀಪಾವಳಿಯ ಎಣ್ಣೆನೀರಿಗೆ ಯಾರೂ ಬಿಲ್ಲು ಕೇಳುವುದಿಲ್ಲ. ಬಾಣಂತಿಗೆ ತಿಂಗಳುಗಟ್ಟಲೆ ಎಣ್ಣೆ ತಿಕ್ಕುವ ಹೆಂಗಸಿಗೆ ಕೊಡುವ ಹಣ ನಮ್ಮ ಮನೆಗಳಲ್ಲಿ ಇಂಥ ಖರ್ಚಿನ ದೊಡ್ಡ ಪಾಲು, ಅದೂ ವಿಮೆಯ ಲೆಕ್ಕಕ್ಕೆ ಬರುವುದಿಲ್ಲ. ಉಳಿದದ್ದರಲ್ಲಿ ಯಾವ ದಾರಿ ಯಾರಿಗೆ ಎಂಬುದನ್ನಷ್ಟೇ ಇಲ್ಲಿ ತೂಗಿ ನೋಡಿದ್ದೇನೆ.

ಒಳರೋಗಿಯಾಗಿ ಸೇರುವುದು

ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಆಯುಷ್ ಚಿಕಿತ್ಸೆಗೆ, ಅಂದರೆ ಆಯುರ್ವೇದ, ಯೋಗ, ಯುನಾನಿ, ಸಿದ್ಧ, ಹೋಮಿಯೋಪಥಿಯಂಥ ಪದ್ಧತಿಗಳಿಗೆ, ಈ ಹಿಂದೆಯೂ ಒಂದು ಮೂಲೆಯ ಜಾಗವಿತ್ತು. ಐದು ಲಕ್ಷದ ಪಾಲಿಸಿ ಇದ್ದರೂ ಆಯುರ್ವೇದಕ್ಕೆ ಮಾತ್ರ ಇಷ್ಟೇ ಸಾವಿರ ಎಂದು ಕಂಪನಿಗಳು ಬೇಲಿ ಹಾಕುತ್ತಿದ್ದವು. 2024ರ ಜನವರಿ 31ರಂದು ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಸುತ್ತೋಲೆ ಹೊರಡಿಸಿ ಆಯುಷ್ ಚಿಕಿತ್ಸೆಯನ್ನು ಬೇರೆ ಚಿಕಿತ್ಸೆಗಳ ಸಮಕ್ಕೆ ಕಾಣಬೇಕು ಎಂದು ಹೇಳಿತು. ಅದೇ ವರ್ಷದ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಹಳೆಯ ಪಾಲಿಸಿಯನ್ನೇ ನವೀಕರಿಸುತ್ತ ಬಂದವರು ತಮ್ಮ ಕಾಗದದಲ್ಲಿ ಆ ಬೇಲಿ ಇನ್ನೂ ಉಳಿದಿದೆಯೇ ಎಂದು ನೋಡಿಕೊಳ್ಳಬೇಕು. ಎಲ್ಲ ಕಂಪನಿಗಳೂ ಮಾರುವ ಆರೋಗ್ಯ ಸಂಜೀವಿನಿ ಎಂಬ ಏಕರೂಪದ ಪಾಲಿಸಿ 2020ರಲ್ಲಿ ಬಂದಾಗಲೇ, ಆಯುಷ್ ಒಳರೋಗಿ ಚಿಕಿತ್ಸೆಗೆ ವಿಮಾ ಮೊತ್ತದ ಪೂರ್ತಿ ಮಿತಿಯನ್ನು ಕೊಟ್ಟಿತ್ತು.

ಇಲ್ಲಿ ಗಮನಿಸಬೇಕಾದದ್ದು 'ಆಯುಷ್ ಆಸ್ಪತ್ರೆ' ಎಂಬ ಪದದ ಅರ್ಥ. ಸರ್ಕಾರಿ ಆಯುಷ್ ಆಸ್ಪತ್ರೆಯಾಗಿರಬೇಕು, ಇಲ್ಲವೇ ಮಾನ್ಯತೆ ಪಡೆದ ಆಯುಷ್ ಕಾಲೇಜಿಗೆ ಸೇರಿದ ಬೋಧನಾ ಆಸ್ಪತ್ರೆಯಾಗಿರಬೇಕು. ಖಾಸಗಿಯಾದರೆ ಸ್ಥಳೀಯವಾಗಿ ನೋಂದಣಿಯಾಗಿ, ಕನಿಷ್ಠ 5 ಒಳರೋಗಿ ಹಾಸಿಗೆ, ಹಗಲಿರುಳೂ ಹೊಣೆ ಹೊತ್ತ ಅರ್ಹ ಆಯುಷ್ ವೈದ್ಯರು, ಚಿಕಿತ್ಸೆಗೆ ಮೀಸಲಾದ ಕೋಣೆಗಳು, ರೋಗಿಗಳ ದಿನದಿನದ ದಾಖಲೆ ಇರಬೇಕು. ತೆಂಗಿನ ತೋಟದ ನಡುವೆ ಹೆಂಚಿನ ಮನೆ ಕಟ್ಟಿ, ಬಾಗಿಲಲ್ಲಿ ಉರುಳಿಯ ನೀರಿಗೆ ಹೂ ತೇಲಿಬಿಟ್ಟ ಎಷ್ಟೋ ಕೇಂದ್ರಗಳು ಈ ಪಟ್ಟಿಯ ಎರಡನೆಯ ಅಂಶದಲ್ಲೇ ಸೋಲುತ್ತವೆ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳು 2007ರ ಕೆಪಿಎಂಇ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು. ಆ ಪ್ರಮಾಣಪತ್ರ ಗೋಡೆಯ ಮೇಲೆ ಕಾಣದಿದ್ದರೆ ಕೇಳಿ. ಕೇಳಿದಾಗ ಮುಖ ಸಿಂಡರಿಸಿದರೆ ಅದೂ ಒಂದು ಉತ್ತರವೇ.

ಎರಡನೆಯ ಷರತ್ತು 24 ಗಂಟೆ. ಅಷ್ಟು ಹೊತ್ತು ದಾಖಲಾಗಿರಬೇಕು ಮಾತ್ರವಲ್ಲ, ದಾಖಲಾಗುವ ಅಗತ್ಯವಿತ್ತು ಎಂಬುದು ವೈದ್ಯರ ಬರಹದಲ್ಲಿ ಕಾಣಬೇಕು. ಪಕ್ಷಾಘಾತದ ರೋಗಿಗೆ, ಎದ್ದು ಕೂರಲಾಗದಷ್ಟು ಡಿಸ್ಕ್ ತೊಂದರೆ ಇರುವವರಿಗೆ, ಕೀಲುಗಳೆಲ್ಲ ಊದಿಕೊಂಡ ಆಮವಾತದವರಿಗೆ ಈ ಅಗತ್ಯ ತಾನಾಗಿ ಕಾಣುತ್ತದೆ. ವಾರವಿಡೀ ಕಂಪ್ಯೂಟರಿನ ಮುಂದೆ ಕೂತು ಕುತ್ತಿಗೆ ಹಿಡಿದವರಿಗೆ ಕಾಣುವುದಿಲ್ಲ. ಪಂಚಕರ್ಮ ಎಂದು ಬಿಲ್ಲಿನ ಮೇಲೆ ಬರೆದ ಮಾತ್ರಕ್ಕೆ ಪ್ರಯೋಜನವೂ ಇಲ್ಲ. ಶಾಸ್ತ್ರದ ಲೆಕ್ಕದಲ್ಲಿ ವಮನ, ವಿರೇಚನ, ಬಸ್ತಿ, ನಸ್ಯ, ರಕ್ತಮೋಕ್ಷಣ ಇವು ಐದು ಕರ್ಮಗಳು. ನಾವು ಮಸಾಜ್ ಎನ್ನುವ ಅಭ್ಯಂಗ ಅವುಗಳಿಗೆ ದೇಹವನ್ನು ಸಿದ್ಧಮಾಡುವ ಪೂರ್ವಕರ್ಮ. ಬರೀ ಪೂರ್ವಕರ್ಮವೇ ಏಳು ದಿನ ನಡೆದ ಚಿಕಿತ್ಸಾ ಪಟ್ಟಿಯನ್ನು ನೋಡಿದರೆ, ಕಂಪನಿಯಲ್ಲಿ ಕುಳಿತ, ಬಿಎಎಂಎಸ್ ಎಂಬ ಆಯುರ್ವೇದ ಪದವಿ ಓದಿದ ಪರಿಶೀಲಕರಿಗೂ ಅನುಮಾನ ಬರುತ್ತದೆ.

ಮೂರನೆಯದು ಕಾಯುವ ಅವಧಿ, ಅಂದರೆ ಪಾಲಿಸಿ ಕೊಂಡ ಮೇಲೂ ಕೆಲವು ಕಾಯಿಲೆಗಳಿಗೆ ಹಣ ಸಿಗದ ಕಾಲ. ಬೆನ್ನು, ಕೀಲು ನೋವಿನವರು ಹೆಚ್ಚಾಗಿ ಎಡವುವುದು ಇಲ್ಲೇ. ಆರೋಗ್ಯ ಸಂಜೀವಿನಿಯಲ್ಲಿ ಡಿಸ್ಕ್ ಜಾರುವಿಕೆ ಮತ್ತು ಬೆನ್ನುಹುರಿಯ ಕಾಯಿಲೆಗಳು, ಗೌಟ್, ಸಂಧಿವಾತ ಇವುಗಳಿಗೆ 24 ತಿಂಗಳು ಕಾಯಬೇಕು. ಅಪಘಾತದಿಂದ ಬಂದ ಬೆನ್ನಿನ ತೊಂದರೆಗೆ ಮಾತ್ರ ವಿನಾಯಿತಿ. ವಯಸ್ಸಿನಿಂದ ಬರುವ ಮಂಡಿಸವೆತಕ್ಕೆ ಇನ್ನೂ ಹೆಚ್ಚು ಕಾಯಬೇಕು. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ಕಾಯಿಸಬಹುದಾದ ಗರಿಷ್ಠ ಅವಧಿಯನ್ನು 2024ರಲ್ಲಿ 48 ತಿಂಗಳಿನಿಂದ 36ಕ್ಕೆ ಇಳಿಸಲಾಯಿತು. ಅಂದರೆ ಇಂದು ಬೆನ್ನು ನೋಯುತ್ತಿದೆ ಎಂದು ಇಂದೇ ಪಾಲಿಸಿ ಕೊಂಡು ಮುಂದಿನ ಆಷಾಢದಲ್ಲಿ ಚಿಕಿತ್ಸೆಗೆ ಹೋಗುವ ಲೆಕ್ಕಾಚಾರ ನಡೆಯುವುದಿಲ್ಲ. ಕಂಪನಿ ನೌಕರಿಯಲ್ಲಿ ಇರುವವರಿಗೆ ಮಾತ್ರ ಇಲ್ಲೊಂದು ಅನುಕೂಲವಿದೆ. ಉದ್ಯೋಗದಾತರು ಕೊಡಿಸುವ ಗುಂಪು ವಿಮೆಯಲ್ಲಿ ಕಾಯುವ ಅವಧಿಯನ್ನು ಎಷ್ಟೋ ಸಲ ತೆಗೆದುಹಾಕಿರುತ್ತಾರೆ, ಕೆಲವೆಡೆ ತಂದೆತಾಯಿಯರನ್ನೂ ಸೇರಿಸಿರುತ್ತಾರೆ. ಸ್ವಂತದ್ದು, ಗುಂಪಿನದು ಎರಡೂ ಪಾಲಿಸಿ ಇದ್ದರೆ ಮೊದಲು ಗುಂಪಿನದನ್ನು ತೆಗೆದು ಓದಿ. ಆದರೆ ಗುಂಪು ವಿಮೆಯ ಷರತ್ತುಗಳನ್ನು ಬರೆಯುವವರು ವಿಮಾ ಕಂಪನಿ ಮತ್ತು ಉದ್ಯೋಗದಾತರು. ಆಯುಷ್‌ಗೆ ಎಷ್ಟು, ಯಾವ ಆಸ್ಪತ್ರೆಗೆ ಎಂಬುದು ಒಂದೊಂದು ಕಡೆ ಒಂದೊಂದು ರೀತಿ.

ಕೋಣೆಯ ಬಾಡಿಗೆ ಎಂಬ ಗುಂಡಿಯನ್ನು ಲೆಕ್ಕ ಹಾಕಿ ತೋರಿಸದೆ ಮುಂದೆ ಹೋಗಲಾರೆ. ಎರಡು ಲಕ್ಷದ ಪಾಲಿಸಿ, ಕೋಣೆಗೆ ದಿನಕ್ಕೆ ವಿಮಾ ಮೊತ್ತದ ಶೇ. 2, ಅಂದರೆ 4,000 ರೂಪಾಯಿ ಮಿತಿ, ಜೊತೆಗೆ ಶೇ. 5 ಸಹಪಾವತಿ, ಅಂದರೆ ಒಪ್ಪಿದ ಮೊತ್ತದಲ್ಲೂ ನೀವೇ ಕೊಡಬೇಕಾದ ಪಾಲು, ಎಂದುಕೊಳ್ಳಿ. ನೀವು 6,000 ರೂಪಾಯಿಯ ಕೋಣೆಯಲ್ಲಿ ಏಳು ದಿನ ಇದ್ದಿರಿ: 42,000. ಚಿಕಿತ್ಸೆ ಮತ್ತು ವೈದ್ಯರ ಶುಲ್ಕ 45,000, ಔಷಧಿ 8,000. ಒಟ್ಟು 95,000. ಕೋಣೆಯಲ್ಲಿ 14,000 ಹೋಗುತ್ತದೆ, ಅಷ್ಟೇ ತಾನೇ ಎಂದು ನೀವು ಭಾವಿಸುತ್ತೀರಿ. ಆದರೆ ಔಷಧಿ ಬಿಟ್ಟು ಉಳಿದ ಖರ್ಚನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. 45,000ದ ಮೂರರಲ್ಲಿ ಎರಡು ಪಾಲು, 30,000 ಮಾತ್ರ ಲೆಕ್ಕಕ್ಕೆ ಬರುತ್ತದೆ. 28,000, 30,000, 8,000 ಕೂಡಿ 66,000. ಅದರಲ್ಲಿ ಸಹಪಾವತಿ 3,300 ಹೋಗಿ ಕೈಗೆ ಬರುವುದು 62,700. ನಿಮ್ಮ ಜೇಬಿನಿಂದ 32,300. ಅದೇ ಆಸ್ಪತ್ರೆಯ 4,000 ರೂಪಾಯಿಯ ಕೋಣೆಯಲ್ಲಿ ಇದ್ದಿದ್ದರೆ ಒಟ್ಟು ಬಿಲ್ಲು 81,000 ಆಗಿ, ನೀವು ಕೊಡಬೇಕಾದದ್ದು 4,050 ಮಾತ್ರ. ಕಿಟಕಿಯಾಚೆಗೆ ಅಡಿಕೆ ತೋಟ ಕಾಣುವ ಕೋಣೆಗೆ ಅಷ್ಟು ದುಬಾರಿ ಬೆಲೆ.

ಇನ್ನು ಸೊಂಟದ ಬೆಲ್ಟು, ಕುತ್ತಿಗೆ ಪಟ್ಟಿ, ಸೌಂದರ್ಯ ಸೇವೆ ಇವೆಲ್ಲ 'ವೈದ್ಯಕೀಯೇತರ' ಪಟ್ಟಿಯಲ್ಲಿವೆ. ಬಹುತೇಕ ಪಾಲಿಸಿಗಳು ಅವುಗಳಿಗೆ ಹಣ ಕೊಡುವುದಿಲ್ಲ.

ಪ್ರಕೃತಿ ಚಿಕಿತ್ಸೆಯ ಇಕ್ಕಟ್ಟು

ಆಯುಷ್ ಎಂಬ ಪದದಲ್ಲಿ ಯೋಗ ಮತ್ತು ಪ್ರಕೃತಿ ಚಿಕಿತ್ಸೆಯೂ ಸೇರಿದೆ. ಕರ್ನಾಟಕಕ್ಕೆ ಇದು ಸಣ್ಣ ಮಾತಲ್ಲ. ಧರ್ಮಸ್ಥಳದ ಶಾಂತಿವನ, ಉಡುಪಿ ಬಳಿಯ ಪರೀಕದಂಥ ಕಡೆ ಜನ ಪ್ರತಿವರ್ಷ ಹೋಗಿಬರುತ್ತಾರೆ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಬಿಎನ್‌ವೈಎಸ್ ಎಂಬ ಪದವಿಯನ್ನೇ ಓದಿದ ವೈದ್ಯರು ನಮ್ಮಲ್ಲಿದ್ದಾರೆ. ಹೀಗಿದ್ದೂ ಬಹುತೇಕ ಪಾಲಿಸಿಗಳಲ್ಲಿ ಒಂದೇ ಮಾತಿನಲ್ಲಿ ಅಚ್ಚಾಗಿರುವ ಎಕ್ಸ್‌ಕ್ಲೂಷನ್ 13 ಎಂಬ ಷರತ್ತು, ಜಲಚಿಕಿತ್ಸಾ ಧಾಮ, ಪ್ರಕೃತಿ ಚಿಕಿತ್ಸಾ ಕ್ಲಿನಿಕ್, ಸ್ಪಾ ಮತ್ತು ಅಂಥ ಜಾಗಗಳಲ್ಲಿ ಪಡೆದ ಚಿಕಿತ್ಸೆಯನ್ನು ಹೊರಗಿಡುತ್ತದೆ. ಎಕ್ಸ್‌ಕ್ಲೂಷನ್ 5 ವಿಶ್ರಾಂತಿಗಾಗಿ, ಪುನರ್ವಸತಿಗಾಗಿ ಸೇರುವುದನ್ನು ಹೊರಗಿಡುತ್ತದೆ. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಸಿದುಕೊಂಡಂತೆ.

ಈ ಇಕ್ಕಟ್ಟಿನಲ್ಲಿ ನಿಮ್ಮ ಬುದ್ಧಿಗೆ ತೋಚಿದ ಅರ್ಥವನ್ನು ನೆಚ್ಚಿಕೊಂಡು ಹೋಗಬೇಡಿ. ಆಸ್ಪತ್ರೆಯ ಹೆಸರು, ವೈದ್ಯರ ಶಿಫಾರಸು, ಕಾಯಿಲೆಯ ಹೆಸರು, ಅಂದಾಜು ಖರ್ಚು ಇವನ್ನು ಕಂಪನಿಗೆ ಬರೆದು ಕಳುಹಿಸಿ, ಒಪ್ಪಿಗೆಯನ್ನು ಬರಹದಲ್ಲೇ ತರಿಸಿಕೊಳ್ಳಿ. ಸಹಾಯವಾಣಿಯ ಹುಡುಗಿ ಫೋನಿನಲ್ಲಿ 'ಆಗುತ್ತದೆ ಸರ್' ಎಂದದ್ದು ನಾಳೆ ಯಾವ ಕೆಲಸಕ್ಕೂ ಬರುವುದಿಲ್ಲ. ಮೊದಲೇ ಗೊತ್ತುಮಾಡಿದ ದಾಖಲಾತಿಗೆ ಸಾಮಾನ್ಯವಾಗಿ 48 ಗಂಟೆ ಮುಂಚೆ ತಿಳಿಸಬೇಕು. ಆಸ್ಪತ್ರೆಗೆ ಕಂಪನಿಯೇ ನೇರವಾಗಿ ಹಣ ಕಟ್ಟುವ ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಹೊತ್ತಿನ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರ ಕೊಡಬೇಕು ಎಂದು 2024ರ ಮೇ ತಿಂಗಳ ಸುತ್ತೋಲೆ ಹೇಳಿದೆ. ಮೊದಲು ಕೈಯಿಂದ ಕಟ್ಟಿ ಆಮೇಲೆ ಮರುಪಾವತಿ ಕೇಳುವುದಕ್ಕಿಂತ ನಗದುರಹಿತ ದಾರಿಯೇ ಇಂಥ ಚಿಕಿತ್ಸೆಗೆ ವಾಸಿ ಎಂಬುದು ನನ್ನ ಅನಿಸಿಕೆ. ಬೇಡ ಎನ್ನುವುದಿದ್ದರೆ ಎಣ್ಣೆ ಹಚ್ಚುವ ಮೊದಲೇ ಅನ್ನಲಿ.

ಬಂದು ಹೋಗುವ ಚಿಕಿತ್ಸೆ ಮತ್ತು ಹೊರರೋಗಿ ವಿಮೆ

ನಿಜ ಹೇಳಬೇಕೆಂದರೆ ಮೈ ನೀವಿಸಿಕೊಳ್ಳುವ ಹೆಚ್ಚಿನವರಿಗೆ ಹಾಸಿಗೆ ಬೇಕಾಗಿಲ್ಲ. ಬೆಳಿಗ್ಗೆ ಹೋಗಿ ಮುಕ್ಕಾಲು ಗಂಟೆ ಮಲಗಿ, ಬಿಸಿನೀರಿನಲ್ಲಿ ಮಿಂದು ಕಚೇರಿಗೆ ಹೋಗುತ್ತಾರೆ. ಆಯುಷ್ ಡೇಕೇರ್ ಕೇಂದ್ರ ಎಂಬ ವ್ಯಾಖ್ಯೆ ವಿಮಾ ನಿಯಮಗಳಲ್ಲಿದೆ. ನೋಂದಾಯಿತ ಆಯುಷ್ ವೈದ್ಯರ ಉಸ್ತುವಾರಿಯಲ್ಲಿ, ರೋಗಿಯನ್ನು ರಾತ್ರಿ ಉಳಿಸಿಕೊಳ್ಳದೆ ಚಿಕಿತ್ಸೆ ಕೊಡುವ ಕ್ಲಿನಿಕ್ ಅದು. ಆದರೆ ವ್ಯಾಖ್ಯೆ ಇರುವುದು ಬೇರೆ, ನಿಮ್ಮ ಪಾಲಿಸಿಯ ಆಯುಷ್ ಕಲಮಿನಲ್ಲಿ 'ಒಳರೋಗಿ' ಎಂಬ ಪದದ ಪಕ್ಕದಲ್ಲಿ 'ಡೇಕೇರ್' ಎಂಬ ಪದ ಇರುವುದು ಬೇರೆ. ಆ ಒಂದು ಪದವನ್ನು ಹುಡುಕಿ. ಇಲ್ಲದಿದ್ದರೆ ಈ ದಾರಿ ಮುಚ್ಚಿದೆ.

ಉಳಿದದ್ದು ಹೊರರೋಗಿ ಸೌಲಭ್ಯದ ಹೆಚ್ಚುವರಿ ರಕ್ಷಣೆ, ಜನ ಓಪಿಡಿ ಎನ್ನುವುದು. ಇದನ್ನು ವಿಮೆ ಎನ್ನುವುದಕ್ಕಿಂತ ಮುಂಗಡ ಚೀಟಿ ಎನ್ನಬಹುದು. ವರ್ಷಕ್ಕೆ 5,000 ರೂಪಾಯಿವರೆಗೆ ಖರ್ಚು ಕೊಡುವ ಸೌಲಭ್ಯಕ್ಕೆ 3,500 ರೂಪಾಯಿ ಹೆಚ್ಚು ಪ್ರೀಮಿಯಂ ಕೇಳಿದರೆ ನಿಮ್ಮ ಲಾಭ ಹೆಚ್ಚೆಂದರೆ 1,500, ಅದೂ ಮಿತಿಯನ್ನು ಪೂರ್ತಿ ಬಳಸಿದರೆ. ಅದರಲ್ಲೂ ಹಲವು ಸೌಲಭ್ಯಗಳು ವೈದ್ಯರ ಭೇಟಿ ಮತ್ತು ರಕ್ತಪರೀಕ್ಷೆಗಷ್ಟೇ ಹಣ ಕೊಡುತ್ತವೆ. 'ಚಿಕಿತ್ಸಾ ವಿಧಾನ' ಅಥವಾ 'ಫಿಸಿಯೋಥೆರಪಿ' ಎಂಬ ಮಾತು ಇಲ್ಲದಿದ್ದರೆ ಮಸಾಜಿನ ಮಟ್ಟಿಗೆ ಅದು ದಂಡ. ಪ್ರತಿ ತಿಂಗಳೂ ವೈದ್ಯರಲ್ಲಿಗೆ ಹೋಗುವ ಹಿರಿಯರಿರುವ ಮನೆಗೆ ಇದು ಸರಿಹೋಗಬಹುದು. ಉಳಿದವರು ಆ ಪ್ರೀಮಿಯಂ ಹಣವನ್ನು ಡಬ್ಬಿಯಲ್ಲಿ ಹಾಕಿಟ್ಟರೂ ನಡೆಯುತ್ತದೆ.

ಫಿಸಿಯೋಥೆರಪಿ: ಕಡಿಮೆ ಜಗಳದ ದಾರಿ

ಬಿದ್ದು ಮೂಳೆ ಮುರಿದು, ಮಂಡಿ ಬದಲಿಸಿಕೊಂಡು, ಪಾರ್ಶ್ವವಾಯು ಹೊಡೆದು ಆಸ್ಪತ್ರೆಗೆ ಸೇರಿ ಬಿಡುಗಡೆಯಾದವರಿಗೆ ಒಂದು ಹಕ್ಕಿದೆ, ಅದನ್ನು ಎಷ್ಟೋ ಜನ ಬಳಸುವುದೇ ಇಲ್ಲ. ಬಿಡುಗಡೆಯ ನಂತರದ ಖರ್ಚನ್ನು ಪಾಲಿಸಿ ಇಂತಿಷ್ಟು ದಿನಗಳವರೆಗೆ ಕೊಡುತ್ತದೆ. ಆರೋಗ್ಯ ಸಂಜೀವಿನಿಯಲ್ಲಿ ಅದು 60 ದಿನ, ಬೇರೆ ಪಾಲಿಸಿಗಳಲ್ಲಿ ಇನ್ನೂ ಹೆಚ್ಚು ಇರುವುದುಂಟು. ಅದೇ ಕಾಯಿಲೆಗೆ ವೈದ್ಯರು ಫಿಸಿಯೋಥೆರಪಿ ಬರೆದುಕೊಟ್ಟಿದ್ದರೆ ಆ ಬಿಲ್ಲುಗಳನ್ನು ಕೂಡಿಟ್ಟು ಒಟ್ಟಿಗೆ ಸಲ್ಲಿಸಬಹುದು. ಸ್ನಾಯುಗಳನ್ನು ಕೈಯಿಂದ ಒತ್ತಿ, ಎಳೆದು, ಸಡಿಲಿಸುವ ಕೆಲಸ ಫಿಸಿಯೋಥೆರಪಿಯ ಒಳಗೇ ಇದೆ. ರಸೀದಿಯಲ್ಲಿ ಅದಕ್ಕೆ ಬೇರೆ ಹೆಸರು ಬೇಕಾಗಿಲ್ಲ. ಪ್ರತಿ ರಸೀದಿಯಲ್ಲಿ ದಿನಾಂಕ, ಫಿಸಿಯೋಥೆರಪಿಸ್ಟರ ಹೆಸರು ಮತ್ತು ಅರ್ಹತೆ ಇರಲಿ. ಇಪ್ಪತ್ತು ದಿನಕ್ಕೆ ಸೇರಿಸಿ ಒಂದೇ ಚೀಟಿ ಬರೆಸಿಕೊಂಡರೆ ಪ್ರಶ್ನೆಗಳು ಶುರುವಾಗುತ್ತವೆ. ಚಿಕಿತ್ಸೆ ಮುಗಿದ 15 ದಿನದೊಳಗೆ ಕಾಗದ ತಲುಪಿಸಬೇಕು ಎಂಬುದು ಆರೋಗ್ಯ ಸಂಜೀವಿನಿಯ ನಿಯಮ.

ಆಸ್ಪತ್ರೆಗೆ ಸೇರದೆ ನೇರವಾಗಿ ಫಿಸಿಯೋಥೆರಪಿಗೆ ಹೋದರೆ ಅದು ಮತ್ತೆ ಹೊರರೋಗಿ ಖರ್ಚೇ, ಮೇಲೆ ಹೇಳಿದ ಓಪಿಡಿ ಸೌಲಭ್ಯ ಇಲ್ಲದಿದ್ದರೆ ಹಣ ಸಿಗುವುದಿಲ್ಲ. ಮತ್ತೆ ಒಂದು ಎಚ್ಚರಿಕೆ: ಕಾಲು ಜೋಮು ಹಿಡಿದು ಬಲ ಕಳೆದುಕೊಳ್ಳುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಯಾವ ಎಣ್ಣೆಯೂ ಬೇಡ, ಯಾವ ಪಾಲಿಸಿಯ ಪುಟವನ್ನೂ ತಿರುವಬೇಡಿ. ಮೊದಲು ದೊಡ್ಡಾಸ್ಪತ್ರೆಗೆ ಹೋಗಿ.

ವಿಮೆಯೇ ಬೇಡವಾದ ದಾರಿ

ಬೆಂಗಳೂರಿನ ಧನ್ವಂತರಿ ರಸ್ತೆಯ ಜಯಚಾಮರಾಜೇಂದ್ರ ಆಸ್ಪತ್ರೆ, ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು, ಬಳ್ಳಾರಿಯ ತಾರಾನಾಥ ಕಾಲೇಜು, ಶಿವಮೊಗ್ಗದ ಸರ್ಕಾರಿ ಕಾಲೇಜು ಇಲ್ಲೆಲ್ಲ ಖಾಸಗಿಯ ಹತ್ತಿರಕ್ಕೂ ಬಾರದಷ್ಟು ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಸಿಗುತ್ತದೆ. ಸರದಿ ನಿಲ್ಲಬೇಕು, ಕೋಣೆ ಹೊಳೆಯುವುದಿಲ್ಲ, ಕಲಿಯುತ್ತಿರುವ ವಿದ್ಯಾರ್ಥಿಗಳು ಸುತ್ತ ನಿಂತು ನೋಡುತ್ತಾರೆ. ಆದರೆ ಮೇಲೆ ಹೇಳಿದ 'ಆಯುಷ್ ಆಸ್ಪತ್ರೆ'ಯ ಪಟ್ಟಿಯಲ್ಲಿ ಮೊದಲ ಸಾಲಿಗೇ ಬರುವಂಥವು ಇವು. ಹಾಸನ ಮತ್ತು ಉಡುಪಿಯ ಕುತ್ಪಾಡಿಯಲ್ಲಿರುವ ಎಸ್‌ಡಿಎಂ ಆಯುರ್ವೇದ ಕಾಲೇಜುಗಳ ಆಸ್ಪತ್ರೆಗಳು ಬೋಧನಾ ಆಸ್ಪತ್ರೆಯ ಗುಂಪಿಗೆ ಸೇರುತ್ತವೆ. ಖಾಸಗಿ ಕೇಂದ್ರಕ್ಕೆ ಹೋಗುವ ಮೊದಲು ಇಂಥ ಕಡೆ ಒಮ್ಮೆ ತೋರಿಸಿ, ದಾಖಲಾಗುವ ಅಗತ್ಯ ಇದೆಯೇ ಎಂದು ಕೇಳಿ ಬರುವುದು ಒಳ್ಳೆಯದು. ನಿಮ್ಮನ್ನು ಸೇರಿಸಿಕೊಳ್ಳುವ ಆತುರ ಅವರಿಗಿರುವುದಿಲ್ಲ.

ತಿಂಗಳ ಸಂಬಳ 21,000 ರೂಪಾಯಿ ಮೀರದ ಕಾರ್ಮಿಕರು ಇಎಸ್‌ಐ ಎಂಬ ನೌಕರರ ರಾಜ್ಯ ವಿಮೆಗೆ ಸಂಬಳದ ಶೇ. 0.75 ಕಟ್ಟುತ್ತಿರುತ್ತಾರೆ. ಫಿಸಿಯೋಥೆರಪಿ ಬೇಕಾದಾಗ ಅವರು ಮೊದಲು ಹೋಗಬೇಕಾದದ್ದು ಇಎಸ್‌ಐ ಆಸ್ಪತ್ರೆಗೆ.

60 ದಾಟಿದ, ಆರೋಗ್ಯ ವಿಮೆಯೇ ಇಲ್ಲದ ತಂದೆತಾಯಿಯರ ಚಿಕಿತ್ಸೆಗೆ ಮಕ್ಕಳು ಖರ್ಚು ಮಾಡಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರು 80ಡಿ ಎಂದೇ ಎಲ್ಲರಿಗೂ ಪರಿಚಿತವಾದ ವಿನಾಯಿತಿಯಡಿ 50,000 ರೂಪಾಯಿವರೆಗೆ ತೋರಿಸಬಹುದು. ನಗದಾಗಿ ಕೊಟ್ಟದ್ದು ನಡೆಯುವುದಿಲ್ಲ, ಚೆಕ್ಕು, ಕಾರ್ಡು, ಯುಪಿಐ ಇಂಥ ನಗದಲ್ಲದ ದಾರಿಯಲ್ಲೇ ಕೊಟ್ಟಿರಬೇಕು.

ಹೊರದೇಶದಲ್ಲಿರುವ ಕನ್ನಡಿಗರ ಲೆಕ್ಕ ಬೇರೆ. ಕೆನಡಾದಲ್ಲಿ ಉದ್ಯೋಗದಾತರು ಕೊಡುವ ಹೆಚ್ಚುವರಿ ಆರೋಗ್ಯ ಸೌಲಭ್ಯದಲ್ಲಿ ನೋಂದಾಯಿತ ಮಸಾಜ್ ಚಿಕಿತ್ಸಕರ ಶುಲ್ಕಕ್ಕೆ ವಾರ್ಷಿಕ ಮಿತಿಯಷ್ಟು ಹಣ ಸಿಗುವುದು ಸಾಮಾನ್ಯ. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆ, ಮೂಲ ಮೆಡಿಕೇರ್, ಮಸಾಜಿಗೆ ಹಣ ಕೊಡುವುದಿಲ್ಲ. ಅಲ್ಲಿ ವೈದ್ಯರಿಂದ ವೈದ್ಯಕೀಯ ಅಗತ್ಯದ ಪತ್ರ ಬರೆಸಿಕೊಂಡು ಆರೋಗ್ಯದ ಖರ್ಚಿಗೆಂದೇ ತೆರೆದ ಎಚ್‌ಎಸ್‌ಎ ಉಳಿತಾಯ ಖಾತೆಯ ಹಣವನ್ನು ಬಳಸುವವರಿದ್ದಾರೆ. ಊರಿಗೆ ಬಂದಾಗ ಕೇರಳದ ಕಡೆ ಹೋಗಿ ಮೂರು ವಾರ ಚಿಕಿತ್ಸೆ ಪಡೆದು ಅಲ್ಲಿನ ವಿಮೆಗೆ ಬಿಲ್ಲು ಕಳುಹಿಸುವ ಯೋಚನೆ ಇದ್ದರೆ, ಮೊದಲು ಅಲ್ಲಿಂದ ಲಿಖಿತ ಉತ್ತರ ತರಿಸಿಕೊಂಡು ವಿಮಾನ ಹತ್ತಿ.

'ಬಿಲ್ಲನ್ನು ಹೊಂದಿಸಿಕೊಡುತ್ತೇವೆ' ಎನ್ನುವವರು

ಕೆಲವು ಕಡೆ ಕೌಂಟರಿನಲ್ಲಿ ಕೂತವರೇ ಮೆಲ್ಲಗೆ ಹೇಳುತ್ತಾರೆ: ವಿಮೆ ಇದೆಯೇ, ಹಾಗಿದ್ದರೆ ಡಿಸ್ಕ್ ಎಂದು ಬರೆದುಬಿಡೋಣ. ಅದು ಮೋಸ ಎಂಬುದು ಒಂದು ಮಾತು. ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗಬಹುದು. 60 ತಿಂಗಳು ಸತತವಾಗಿ ಕಟ್ಟಿದ ಮೇಲೆ ಹಳೆಯದನ್ನು ಕೆದಕುವಂತಿಲ್ಲ ಎಂಬ ರಕ್ಷಣೆಯೂ ಮೋಸ ಸಾಬೀತಾದರೆ ಸಿಗುವುದಿಲ್ಲ. ಇನ್ನೊಂದು ಅಡ್ಡಿ ಯಾರಿಗೂ ಮೊದಲು ಹೊಳೆಯುವುದಿಲ್ಲ. ಇಲ್ಲದ ಡಿಸ್ಕ್ ಕಾಯಿಲೆ ನಿಮ್ಮ ಹೆಸರಿಗೆ ದಾಖಲಾಗುತ್ತದೆ. ನಾಳೆ ಬೇರೆ ಕಂಪನಿಯ ಪಾಲಿಸಿ ಕೊಳ್ಳಲು ಹೋದಾಗ ಅದನ್ನು ಘೋಷಿಸಬೇಕು. ಅವರು ಪ್ರೀಮಿಯಂ ಏರಿಸುತ್ತಾರೆ, ಇಲ್ಲವೇ ಬೆನ್ನಿನ ಕಾಯಿಲೆಗೆ ವರ್ಷಗಟ್ಟಲೆ ಕಾಯಿಸುತ್ತಾರೆ. ಒಂದು ವಾರದ ಎಣ್ಣೆಗಾಗಿ ಮುಂದೊಂದು ದಿನ ನಿಜವಾಗಿ ಬರಬಹುದಾದ ಶಸ್ತ್ರಚಿಕಿತ್ಸೆಯ ರಕ್ಷಣೆಯನ್ನು ಒತ್ತೆಯಿಟ್ಟಂತೆ.

ನ್ಯಾಯವಾದ ಕ್ಲೇಮನ್ನೇ ತಿರಸ್ಕರಿಸಿದರೆ ಬೇರೆ ಮಾತು. ಯಾವ ಕಲಮಿನಡಿ ತಿರಸ್ಕರಿಸಿದ್ದೀರಿ ಎಂದು ಬರಹದಲ್ಲಿ ಕೇಳಿ. ಕಂಪನಿಯ ದೂರು ಅಧಿಕಾರಿಗೆ ಮೊದಲು ಬರೆಯಿರಿ. ಪ್ರಾಧಿಕಾರದ ಬಿಮಾ ಭರೋಸಾ ತಾಣದಲ್ಲೂ ದೂರು ದಾಖಲಿಸಬಹುದು. 30 ದಿನ ಕಳೆದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಇಂಥ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಬಳಿಗೆ ಒಂದು ವರ್ಷದೊಳಗೆ ಹೋಗಬೇಕು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ವಕೀಲರು ಬೇಕಾಗಿಲ್ಲ, ಶುಲ್ಕವೂ ಇಲ್ಲ.

ಅಮ್ಮನ ಕಾಗದಗಳನ್ನು ಹಿಡಿದು ನಾನು ಅಲ್ಲಿಗೆ ಹೋಗಲಿಲ್ಲ. ನಾವು ಆ ಕೇಂದ್ರದಲ್ಲಿ ಆರಿಸಿಕೊಂಡಿದ್ದೇ ಏಳು ದಿನದ ಪುನಶ್ಚೇತನ ಪ್ಯಾಕೇಜು. ಬಣ್ಣದ ಕರಪತ್ರದಲ್ಲಿ ಹಾಗೆಂದೇ ಅಚ್ಚಾಗಿತ್ತು, ವೈದ್ಯರು ಇದ್ದದ್ದನ್ನೇ ಬರೆದಿದ್ದರು. ಮರುವರ್ಷ ನೋವು ಮರಳಿದಾಗ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದೆವು. ದಿನ ಬಿಟ್ಟು ದಿನ ಕಟಿಬಸ್ತಿ, ಅಮ್ಮ ಬಸ್ಸಿನಲ್ಲೇ ಹೋಗಿ ಬರುತ್ತಿದ್ದರು. ಸರದಿಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಕೋಲಾರದ ಹೆಂಗಸಿನ ಜೊತೆ ಈಗಲೂ ಫೋನಿನಲ್ಲಿ ಮಾತನಾಡುತ್ತಾರೆ.